ದೂರು ಬಾರದ ನಾಲ್ಕು ದಿನ

ಈ ಕೋಣೆಯಲ್ಲಿ ಯಾರೂ ‘ಸಮಸ್ಯೆ’ ಎನ್ನಬಾರದು ಎಂದು ಕೋಚ್ ಮೂರನೆಯ ಸಲ ನೆನಪಿಸಿದಾಗ ಮೇಲ್ವಿಚಾರಕಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಗೋಡೆಯಾಚೆ ಇಸ್ತ್ರಿಯ ರೋಲರುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ಲಾಂಡ್ರಿ ಅದು. ಕಲೆ ಉಳಿದ ಚಾದರಗಳು ದೂರಿನ ಚೀಟಿ ಸಮೇತ ವಾಪಸು ಬರತೊಡಗಿದ್ದರಿಂದ ಮ್ಯಾನೇಜರ್ ಸಿಬ್ಬಂದಿಗೆ ತರಬೇತಿ ಕೊಡುವ ಈ ಕೋಚ್‌ನನ್ನು ಹೊರಗಿನಿಂದ ಕರೆಸಿದ್ದ. ಅದರ ಜೊತೆಗೇ, ಮಡಿಸುವ ವಿಭಾಗದಲ್ಲಿ ಒಬ್ಬರನ್ನು ಶುಕ್ರವಾರಕ್ಕೆ ಕೆಲಸದಿಂದ ತೆಗೆಯಬೇಕು, ಹೆಸರು ಕೊಡಿ ಎಂದು ಅವಳಿಗೆ ಹೇಳಿದ್ದ. ಇವತ್ತು ಬುಧವಾರ. ಹೆಸರನ್ನು ಅವಳು ಬೆಳಿಗ್ಗೆಯೇ ಬರೆದು ಕೊಟ್ಟಾಗಿತ್ತು. ಹೆಚ್ಚು ಯೋಚಿಸುವ ಹಾಗೇನೂ ಇರಲಿಲ್ಲ. ಉಳಿದವರು ಮುನ್ನೂರು ಚಾದರ ಮಡಿಸುವ ಹೊತ್ತಿಗೆ ಇನ್ನೂರು ಮುಟ್ಟಲು ಏದುಸಿರು ಬಿಡುವವಳು ಒಬ್ಬಳೇ. ಎಲ್ಲರ ಬಾಯಲ್ಲೂ ಅವಳು ನಿಧಾನಕ್ಕ.

ಕೋಚ್ ಒಳ್ಳೆಯ ಮನುಷ್ಯನೇ. ಕೇಳಿದ್ದಕ್ಕೆ ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯುತ್ತಿದ್ದ. ಉತ್ತರ ಬಂದ ಮೇಲೆ ‘ಮತ್ತೆ?’ ಎನ್ನುತ್ತಿದ್ದ. ಆ ‘ಮತ್ತೆ?’ ಕೇಳಿ ಕೇಳಿ ಅವಳ ತಲೆಯ ನರವೊಂದು ಪಟಪಟ ಹೊಡೆದುಕೊಳ್ಳತೊಡಗಿತ್ತು. ಒಗೆಯುವ ಯಂತ್ರದ ಬಿಸಿನೀರು ಸಾಲುತ್ತಿಲ್ಲ ಎಂದು ಅವಳು ಹೇಳಹೋದರೆ, ಅದು ಹಿಂದಕ್ಕೆ ನೋಡುವ ಮಾತು, ನಾವು ಮುಂದಕ್ಕೆ ನೋಡೋಣ ಎಂದ. ಆಮೇಲೆ ಕಣ್ಣು ಮುಚ್ಚಲು ಹೇಳಿದ. ರಾತ್ರಿ ಮಲಗಿದ್ದಾಗ ಒಂದು ಪವಾಡ ನಡೆದು ಬೆಳಿಗ್ಗೆ ಎಲ್ಲ ಸರಿಹೋಗಿದ್ದರೆ, ಬಂದ ಕೂಡಲೇ ನಿಮಗೆ ಏನು ಕಾಣುತ್ತದೆ ಎಂದು ಕೇಳಿದ. ಮೊದಲನೆಯದಾಗಿ ನೀವು ಕಾಣುವುದಿಲ್ಲ ಎಂದು ಅವಳಿಗೆ ಹೇಳಬೇಕೆನಿಸಿತು.

“ಸರಿ, ಹೀಗೆ ನೋಡೋಣ. ಹೋದ ತಿಂಗಳು ಒಂದೇ ಒಂದು ದೂರೂ ಬರದಿದ್ದ ದಿನ ಇತ್ತಾ?”

ಇರಲಾರದು ಎಂದುಕೊಂಡೇ ಅವಳು ದೂರಿನ ರಿಜಿಸ್ಟರ್ ತೆರೆದಳು. ನಾಲ್ಕು ದಿನ ಇದ್ದವು, ಬೆನ್ನು ಬೆನ್ನಿಗೆ ನಾಲ್ಕು. ಅವಳು ಹಾಜರಿ ಪುಸ್ತಕವನ್ನೂ ಎಳೆದುಕೊಂಡು ಪಕ್ಕದಲ್ಲಿಟ್ಟು ಬೆರಳಿಟ್ಟು ನೋಡಿದಳು. ಕೊನೆಯ ಮೇಜಿನಲ್ಲಿ ಕಟ್ಟು ಕಟ್ಟುವ ಹುಡುಗಿ ಮಗುವಿಗೆ ಜ್ವರವೆಂದು ಆ ನಾಲ್ಕೂ ದಿನ ರಜೆ. ಅಲ್ಲಿ ನಿಂತವಳು ನಿಧಾನಕ್ಕ. ಮಡಿಸಿ ಬಂದ ಒಂದೊಂದು ಚಾದರವನ್ನೂ ಅವಳು ಮತ್ತೆ ಬಿಚ್ಚಿ, ಎರಡು ತುದಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ, ಅಂಗೈಯಿಂದ ಸವರಿ ನೋಡಿ, ಕಲೆಯಿದ್ದರೆ ಬದಿಗಿಟ್ಟು, ಇಲ್ಲದಿದ್ದರೆ ಮಾತ್ರ ಕಟ್ಟಿಗೆ ಸೇರಿಸಿದ್ದಳು. ತಡಮಾಡುತ್ತಿದ್ದಾಳೆಂದು ಆಗ ತಾನೇ ಅವಳಿಗೆ ಬೈದದ್ದೂ ಮೇಲ್ವಿಚಾರಕಿಗೆ ನೆನಪಾಯಿತು.

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ನಾಲ್ಕು ದಿನ ಬಟ್ಟೆ ಒಯ್ಯುವ ಲಾರಿ ಒಂದು ಗಂಟೆ ತಡವಾಗಿ ಹೊರಟಿತ್ತು ಎಂದು ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ಗೊಣಗಿದ. ಕೋಚ್‌ನ ಮುಖ ಮಾತ್ರ ಅರಳಿತ್ತು. ನೋಡಿದಿರಾ, ಪರಿಹಾರ ನಿಮ್ಮ ಹತ್ತಿರವೇ ಇತ್ತು ಎನ್ನುತ್ತ ಹಸಿರು ಚೀಟಿಯಲ್ಲಿ ‘ಕಟ್ಟುವ ಮೊದಲು ಬೆಳಕಿಗೆ ಹಿಡಿದು ನೋಡುವುದು’ ಎಂದು ಬರೆದು ಬೋರ್ಡಿಗೆ ಅಂಟಿಸಿದ.

“ಅವರ ಹೆಸರೂ ಬರೀರಿ ಸರ್,” ಎಂದಳು ಅವಳು.

“ಹೆಸರು ಬೇಡ ಮೇಡಂ. ಅದು ನಮ್ಮ ನಿಯಮ. ಹೆಸರು ಬಂದ್ರೆ ತಪ್ಪು ಹೊರಿಸೋದು ಶುರುವಾಗುತ್ತೆ.”

“ತಪ್ಪಲ್ಲ ಸರ್, ಇದು ಅವರು ಮಾಡಿದ ಒಳ್ಳೇ ಕೆಲಸ.”

“ಆದ್ರೂ ನಾವು ನೋಡೋದು ವಿಧಾನವನ್ನ, ವ್ಯಕ್ತೀನಲ್ಲ.”

ಅವಳು ಮ್ಯಾನೇಜರ್ ಕಡೆಗೆ ತಿರುಗಿದಳು. ಬೆಳಿಗ್ಗೆ ಕೊಟ್ಟ ಹೆಸರಿನ ಚೀಟಿಯನ್ನು ವಾಪಸು ಕೊಡಿ, ನಾನು ಸರಿಯಾಗಿ ನೋಡದೆ ಬರೆದೆ ಎಂದಳು. ಅದು ಆಗಲೇ ಮೇಲಿನ ಆಫೀಸಿಗೆ ಹೋಗಿದೆ ಎಂದ ಅವನು. ಹಾಗಾದರೆ ನಾನೇ ಮೇಲೆ ಹೋಗಿ ಹೇಳುತ್ತೇನೆ ಎಂದಳು. ಏನಂತ ಹೇಳ್ತೀರಿ, ಇನ್ನೂರು ಮಡಿಸೋರನ್ನ ಇಟ್ಕೊಂಡು ಮುನ್ನೂರು ಮಡಿಸೋರನ್ನ ಕಳಿಸಿ ಅಂತೀರಾ ಎಂದು ಕೇಳಿದ. ಕೋಚ್ ತನ್ನ ಚೀಟಿಗಳ ಅಂಚನ್ನು ಮೇಜಿಗೆ ಕುಟ್ಟಿ ಸರಿಮಾಡಿಕೊಳ್ಳುತ್ತ ಕೂತ. ಈ ಸಲ ಅವನು ‘ಮತ್ತೆ?’ ಎನ್ನಲಿಲ್ಲ.

ಮ್ಯಾನೇಜರ್ ಬೋರ್ಡಿನ ಹತ್ತಿರ ಹೋಗಿ ಹಸಿರು ಚೀಟಿಯನ್ನು ಇನ್ನೊಮ್ಮೆ ಓದಿದ. “ಇದು ಚೆನ್ನಾಗಿದೆ. ಎಲ್ಲರೂ ಬೇಗಬೇಗ ಹೀಗೇ ಮಾಡಲಿ. ಉಳಿದವರಿಗೆ ಕಲಿಸೋಕೆ ಆಕೆಗೆ ಎರಡು ದಿನ ಸಾಕಲ್ವಾ? ಹೇಗೂ ಶುಕ್ರವಾರದವರೆಗೆ ಇರ್ತಾರೆ.”

ಮೇಲ್ವಿಚಾರಕಿ ಎದ್ದು ಹೊರಗೆ ಬಂದಳು. ಇಸ್ತ್ರಿಯ ಬಿಸಿಗಾಳಿ ಮುಖಕ್ಕೆ ರಾಚಿತು. ನಿಧಾನಕ್ಕ ತನ್ನ ಮೇಜಿನ ಮುಂದೆ ಚಾದರವೊಂದನ್ನು ಎತ್ತಿ ಹಿಡಿದಿದ್ದಳು. ಬಿಳಿ ಬಟ್ಟೆಯ ಹಿಂದೆ ಅವಳ ಬೆರಳುಗಳಷ್ಟೇ ಕಾಣುತ್ತಿದ್ದವು. ಮೇಲ್ವಿಚಾರಕಿ ನಾಲಿಗೆಗೆ ಸುಲಭವಾದದ್ದನ್ನೇ ಮೊದಲು ಆಡಿದಳು.

“ಅಕ್ಕ, ಒಳಗೆ ನಿಮ್ಮ ಕೆಲಸದ ಮಾತೇ ಬಂತು. ಎಲ್ಲರೂ ತುಂಬಾ ಹೊಗಳಿದ್ರು.”

ನಿಧಾನಕ್ಕ ಚಾದರವನ್ನು ಈ ಅಂಚಿನಿಂದ ಆ ಅಂಚಿನವರೆಗೆ ನೋಡಿ ಮುಗಿಸಿದಳು. ಮಡಿಸಿ ಕೆಳಗಿಟ್ಟಳು.

“ಹೌದಾ,” ಎಂದಳು. “ಹಾಗಾದ್ರೆ ಕೆಲಸಕ್ಕೆ ಯಾವತ್ತಿನವರೆಗೆ ಬರಬೇಕಂತೆ?”