ಎರಡು ಹಾಸಿಗೆಗಳ ನಡುವೆ

ಬೆಳಗಾದರೆ ಸಾಕು, ಮಾವನ ಹಾಸಿಗೆಗೂ ಮೊಮ್ಮಗಳ ಹಾಸಿಗೆಗೂ ನಡುವಿನ ನೆಲ ಒದ್ದೆಯಾಗಿರುತ್ತಿತ್ತು.

"ಯಾರ ಕೆಲಸ ಇದು?" ಎಂದು ಸೊಸೆ ಮೊದಲ ದಿನವೇ ಕೇಳಿದ್ದಳು.

ಮಾವ ತಲೆ ತಗ್ಗಿಸಿದ್ದರು. "ನಂದೇ ಕಣಮ್ಮ. ವಯಸ್ಸಾಯ್ತು ನೋಡು."

ಅವಳು ಮೂಗು ಮುಚ್ಚಿಕೊಂಡು ಫಿನಾಯಿಲ್ ಸುರಿದು ಒರೆಸಿದಳು. "ಇನ್ಮೇಲೆ ದೇವರ ಮನೆ ಒಳಗೆ ಬರಬೇಡಿ ಮಾವ, ಮೈಲಿಗೆ" ಎಂದಳು. ದಿನವೂ ದೀಪ ಹಚ್ಚುತ್ತಿದ್ದ ಅವರು ಅಂದಿನಿಂದ ಹೊಸ್ತಿಲಾಚೆ ನಿಂತೇ ಕೈ ಮುಗಿಯುತ್ತಿದ್ದರು.

ಸ್ನಾನಕ್ಕೆ ಸೋಲಾರ್ ಬಿಸಿನೀರು ಸಾಲದಾದಾಗ ಪ್ಲಂಬರನನ್ನು ಕರೆಸಿದಳು. ಅವನು ಬಚ್ಚಲನ್ನೆಲ್ಲ ನೋಡಿ, ಅದರ ಹಿಂದೆ ತಾತ ಮೊಮ್ಮಗಳು ಮಲಗುವ ಕೋಣೆಗೆ ಬಂದು ಗೋಡೆಗೆ ಅಂಗೈ ಒತ್ತಿದ. ಗೋಡೆ ಬೆಚ್ಚಗಿತ್ತು. ಉಳಿಯಿಂದ ಒಡೆದ ಕಡೆ ಹಬೆಯಾಡಿತು.

"ಒಳಗೇ ಪೈಪು ಸೋರ್ತಿದೆ ಅಕ್ಕ. ನೆಲ ಒದ್ದೆ ಆಗಿದ್ದು ನೀವು ನೋಡ್ಲಿಲ್ವಾ?"



ಅವನು ಪೈಪು ಬದಲಿಸಿ ಹೋದ ಮೇಲೆ, ಸೊಸೆ ದೇವರ ದೀಪಕ್ಕೆ ಎಣ್ಣೆ ಬತ್ತಿ ಹಾಕಿ, ಹಚ್ಚದೆ, ಮಾವನ ಮುಂದೆ ಬಂದು ನಿಂತಳು.

"ತಪ್ಪಾಯ್ತು ಮಾವ. ದೀಪ ನೀವೇ ಹಚ್ಚಿ. ಆದ್ರೆ ನೀವಲ್ಲ ಅಂತ ನಿಮಗೆ ಗೊತ್ತಿತ್ತಲ್ಲ. ಯಾಕೆ ಒಪ್ಕೊಂಡ್ರಿ?"

ಮಾವ ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳತ್ತ ನೋಡಿ ದನಿ ತಗ್ಗಿಸಿದರು.

"ಮಗು ಮಾಡ್ಕೊಳ್ತಿದೆ ಅಂದ್ಕೊಂಡಿದ್ದೆ ಕಣಮ್ಮ."