ನೀರು ಹಾಳೆಯ ಯಾವ ಕಡೆ

ಗೋಡೆಗೆ ಅಂಗೈ ಒತ್ತಿದಳು. ಇವತ್ತೂ ಒದ್ದೆ. ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಗ್ಯಾರೇಜಿಗೆ ನುಗ್ಗಿದ್ದಳು. ಈಗ ಆ ಚಪ್ಪಲಿಯನ್ನೇ ಗೋಡೆಗೆ ಎಸೆಯೋಣ ಅನ್ನಿಸಿತು.

ಅಪ್ಪನಿಗೆ ಸೊಂಟದ ಆಪರೇಷನ್ ಆಗಿತ್ತು, ಮೆಟ್ಟಿಲು ಹತ್ತುವಂತಿರಲಿಲ್ಲ. ಜೊತೆಗೆ ಉಬ್ಬಸ ಬೇರೆ. ತೇವದ ಕೋಣೆಯಲ್ಲಿ ಮಲಗಿಸಿದರೆ ಮತ್ತೆ ಆಸ್ಪತ್ರೆಯೇ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇವರ ಮನೆ ಮಹಡಿಯ ಮೇಲೆ. ಕೆಳಗಿನ ಗ್ಯಾರೇಜನ್ನೇ ಕೋಣೆ ಮಾಡೋಣ ಎಂದವನು ಗಂಡ. "ಕಾರು ಯಾಕೆ, ಪೆಟ್ರೋಲ್ ದಂಡ" ಎಂದು ಅದನ್ನು ಮಾರಿಯೂ ಬಿಟ್ಟಿದ್ದ. ಮಾವನ ಮೇಲೆ ಇಷ್ಟು ಅಕ್ಕರೆಯ ಅಳಿಯ ಯಾರಿಗುಂಟು ಎಂದು ಅವಳು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದಳು.

ಗೋಡೆಗೆ ಥರ್ಮಾಕೋಲ್ ಹೊಡೆಸಿದ್ದಾಯಿತು, ಅದರ ಮೇಲೆ ಹಲಗೆ, ವಾಟರ್‌ಪ್ರೂಫ್ ಬಣ್ಣ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಹೊಸ ಗಾರೆ. ಕಿಟಕಿಯ ಸಂದಿಗೂ ರಬ್ಬರು. ಇರುವೆ ನುಸುಳಲೂ ದಾರಿಯಿಲ್ಲ. ಆದರೂ ಈ ಚಳಿಯಲ್ಲಿ ಸಂಜೆಯಾದರೆ ಗೋಡೆ ಬೆವರುತ್ತಿತ್ತು. ತಂಗಿಯದು ದಿನಾ ಒಂದೇ ರಾಗ: "ಅಕ್ಕಾ, ಅಪ್ಪನ್ನ ಯಾವಾಗ ಕರ್ಕೊಂಡು ಹೋಗ್ತೀಯ? ಇಲ್ಲಿ ಪಾಪ ಸೋಫಾ ಮೇಲೇ ಮಲಗ್ತಿದ್ದಾರೆ."

ಗಂಡ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಹಗಲು ಬಾಗಿಲು ತೆಗೀಬೇಡ, ಬಣ್ಣ ಸೆಟ್ ಆಗಬೇಕು" ಎನ್ನುತ್ತಿದ್ದ. ಬೆಳಿಗ್ಗೆ ಇಸ್ತ್ರಿ ಶರ್ಟು ತೊಟ್ಟು, ಊಟದ ಡಬ್ಬಿ ಹಿಡಿದು ಅವಳಿಗಿಂತ ಮೊದಲೇ ಹೊರಡುವನು. ಸಂಜೆ ಅವಳು ಬಂದ ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಳ್ಳುತ್ತ ಬರುವನು. "ಆಫೀಸಲ್ಲಿ ಜನಾನ ಕಡಿಮೆ ಮಾಡಿದ್ರು, ಏಸೀನ ಕಡಿಮೆ ಮಾಡ್ಲಿಲ್ಲ" ಎಂದು ನಗಿಸುವನು.

ಅವಳ ಸಿಟ್ಟೆಲ್ಲ ಬಣ್ಣದ ಅಂಗಡಿಯವನ ಮೇಲೆ ತಿರುಗಿತು. ನಕಲಿ ಮಾಲು ಕೊಟ್ಟು ಟೋಪಿ ಹಾಕಿದ್ದೀರಿ ಎಂದು ಗಿರಾಕಿಗಳೆದುರೇ ತರಾಟೆಗೆ ತೆಗೆದುಕೊಂಡಳು. ಅವನಿಗೂ ಸಾಕಾಗಿಹೋಗಿತ್ತು.

"ಒಂದು ಪ್ಲಾಸ್ಟಿಕ್ ಹಾಳೆ ಗೋಡೆಗೆ ಅಂಟಿಸಿ, ಮೇಡಂ. ನಾಳೆ ನೋಡಿ. ನೀರು ಹಾಳೆ ಹಿಂದೆ ಇದ್ರೆ ಅದು ಗೋಡೆಯಿಂದ ಬಂದದ್ದು, ತಪ್ಪು ನನ್ನ ಬಣ್ಣದ್ದು, ನಿಮ್ಮ ದುಡ್ಡು ವಾಪಸ್. ಮುಂದೆ ಇದ್ರೆ ಅದು ಒಳಗೆ ಜನ ಉಸಿರಾಡಿದ ನೀರು. ಆಮೇಲೆ ನನ್ನ ಕೇಳಬೇಡಿ, ಮನೇಲಿ ಕೇಳಿ."

ಮರುದಿನ ಹಾಳೆ ಕಿತ್ತಾಗ ಅದರ ಹಿಂದೆ ಗೋಡೆ ಪೂರ್ತಿ ಒಣಗಿತ್ತು. ಮುಂದೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು.

ಇನ್ನೊಂದು ಬೀಗದ ಕೈ ಗಾರೆ ಕೆಲಸ ಮಾಡಿದ ಮೇಸ್ತ್ರಿಯ ಹತ್ತಿರವಿತ್ತು. ಹಗಲೆಲ್ಲ ನಮ್ಮಪ್ಪನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಾನೆ, ಇರಲಿ, ಮಾಡುತ್ತೇನೆ ಎಂದು ಹಲ್ಲು ಕಡಿದಳು. ಮಾರನೆಯ ದಿನ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಬಂದಳು. ಬೀಗ ಇರಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ. ಕಿವಿಗೊಟ್ಟಳು, ಒಳಗೆ ಯಾರೋ ಊಟದ ಡಬ್ಬಿ ಬಿಚ್ಚುತ್ತಿದ್ದರು. ಸೋಫಾ ಮೇಲೆ ಮುದುಡಿಕೊಂಡ ಅಪ್ಪ ನೆನಪಾಗಿ ಮೈಯೆಲ್ಲ ಉರಿಯಿತು. ಆದರೂ ಒಬ್ಬಳೇ ಬಾಗಿಲು ಬಡಿಯುವ ಧೈರ್ಯವಾಗದೆ ಗಂಡನಿಗೆ ಫೋನ್ ಮಾಡಿದಳು.

"ಆಮೇಲೆ ಮಾಡ್ತೀನಿ," ಎಂದ ಗಂಡ, "ಮೀಟಿಂಗಲ್ಲಿದ್ದೀನಿ."

ಮಾತು ಮೊದಲು ಬಾಗಿಲಿನ ಹಿಂದಿನಿಂದ ಕೇಳಿತು, ಆಮೇಲೆ ಫೋನಿನಲ್ಲಿ.