ಕತ್ತೆ ಯಾವ ಕೋಣೆಗೆ?

“ಮಕ್ಕಳದು!” ಎಂದು ವಿಮರ್ಶಕರು ಮೇಜು ಗುದ್ದಿದ ರಭಸಕ್ಕೆ ಗ್ರಂಥಾಲಯದ ಕಪಾಟುಗಳಲ್ಲಿ ತಲೆಮಾರುಗಳಿಂದ ಮಲಗಿದ್ದ ಧೂಳೆಲ್ಲ ಎದ್ದು ಕುಳಿತಿತು. ಹಳೆಯ ಮೇರುಕೃತಿಗಳಲ್ಲಿ ಯಾವುದು ದೊಡ್ಡವರ ಕೋಣೆಗೆ, ಯಾವುದು ಮಕ್ಕಳ ಕೋಣೆಗೆ ಎಂದು ತೀರ್ಮಾನಿಸಲು ವರ್ಷಕ್ಕೊಮ್ಮೆ ಅವರನ್ನೇ ಕರೆಯುತ್ತಿದ್ದರು. ಸಾಮಾನ್ಯ ಆಸಾಮಿಯೇ ಅವರು? ಹುಬ್ಬು ಗಂಟಿಕ್ಕಿದರೆ ಮುಂದಿನ ಬೀದಿಯ ಹಾಲು ಒಡೆಯುತ್ತಿತ್ತು. ಅವರ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಯೇ ಅದೆಷ್ಟೋ ಕವಿಗಳು ಕಾವ್ಯ ಬಿಟ್ಟು ಕಿರಾಣಿ ಅಂಗಡಿ ಇಟ್ಟಿದ್ದರು. ಬೆನ್ನ ಹಿಂದೆ ಊರು ಅವರನ್ನು ‘ಗರಗಸ’ ಎನ್ನುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಒಳಗೊಳಗೇ ಹಿತವಾಗಿಯೂ ಇತ್ತು.

“ಸರ್, ಮೊದಲನೇ ಪುಟ ತಾನೆ ನೋಡಿದ್ದು?” ಎಂದಳು ಗ್ರಂಥಪಾಲಕಿ.

“ಒಂದಗುಳು ಹಿಚುಕಿದ್ರೆ ಸಾಕಮ್ಮ, ಮಡಕೆ ಪೂರ್ತಿ ಉಣ್ಣಬೇಕಾ? ನೋಡು, ಮೊದಲ ಸಾಲಲ್ಲೇ ಕತ್ತೆ ಮಾತಾಡ್ತಿದೆ. ಪ್ರಾಣಿ ಬಾಯಿ ಬಿಟ್ರೆ ಮಕ್ಕಳ ಪುಸ್ತಕ, ಮನುಷ್ಯ ಬಾಯಿ ಮುಚ್ಕೊಂಡು ಕೊರಗಿದ್ರೆ ದೊಡ್ಡವರದು. ಹಾಕು ಮುದ್ರೆ!”

“ನಾನು ಇದನ್ನ ಚಿಕ್ಕವಳಿದ್ದಾಗ ಓದ್ದೆ, ಮದುವೆ ಆದ್ಮೇಲೆ ಓದ್ದೆ, ಅಪ್ಪ ಹೋದಾಗ ಓದ್ದೆ. ಪ್ರತಿ ಸಲಾನೂ ಬೇರೆ ಪುಸ್ತಕ ಆಗಿತ್ತು ಸರ್.”

“ಮುದ್ರಣದೋಷ ಇರಬೇಕು,” ಎಂದರು ಗರಗಸ. ಗ್ರಂಥಪಾಲಕಿ ಮುದ್ರೆಯ ಶಾಯಿ ಒಣಗಿದೆಯೆಂದು ಗೊಣಗಿ, ಪುಸ್ತಕವನ್ನು ಅವರ ಮೂಗಿನ ಕೆಳಗೇ ತೆರೆದಿಟ್ಟು ಎದ್ದು ಹೋದಳು.

ಹೋದವಳು ಸಮುದ್ರ ಕಡೆದು ಶಾಯಿ ತೆಗೆಯುವಷ್ಟು ಹೊತ್ತು ಮಾಡಿದಳು. ಒಂದೆರಡು ತಪ್ಪು ಹೆಕ್ಕೋಣವೆಂದು ವಿಮರ್ಶಕರು ಎರಡನೇ ಪುಟಕ್ಕೆ ಕಣ್ಣು ಹಾಯಿಸಿದರು. ಅಲ್ಲಿಗೆ ಮುಗಿಯಿತು ಅವರ ಕಥೆ, ಶುರುವಾಯಿತು ಕತ್ತೆಯದು. ರಾಜನ ಕಿರೀಟ ತಲೆಗೇರಿಸಿಕೊಂಡು ಊರುಬಿಟ್ಟಿತ್ತು ಕತ್ತೆ. ಕಿರೀಟದ ಕೆಳಗಿನ ಮುಖವನ್ನು ಯಾರೂ ನೋಡುತ್ತಿರಲಿಲ್ಲ, ಕಂಡವರೆಲ್ಲ ಅಡ್ಡಬೀಳುವವರೇ. ಅದು ಅರಚಿದ್ದಕ್ಕೆ ಒಬ್ಬ ಪಂಡಿತ ಭಾಷ್ಯವನ್ನೂ ಬರೆದ. ಆ ಪುಟ ಬಂದಾಗ ವಿಮರ್ಶಕರ ಕುರ್ಚಿ ಯಾಕೋ ಕಿರುಗುಟ್ಟಿತು. ಮುಂದಿದ್ದ ಚಹಾ ಆರಿ, ಕೆನೆಗಟ್ಟಿ, ಅದರಲ್ಲೊಂದು ನೊಣ ಈಜು ಕಲಿತು ಪಾಸಾಗಿತ್ತು. ಕೊನೆಗೆ ಕತ್ತೆ ಹೊಳೆ ದಾಟಲು ದೋಣಿ ಹತ್ತಿತು. ನಡುನದಿಯಲ್ಲಿ ದೋಣಿಯವನು ಹುಟ್ಟು ನಿಲ್ಲಿಸಿ, ‘ಕಿರೀಟ ಹೊತ್ತವರು ಕೂತರೆ ಎಂಥ ದೋಣಿಯೂ ಮುಳುಗುತ್ತದೆ. ಅದನ್ನು ತೆಗೆಯುತ್ತೀಯೋ, ನೀನೇ ಇಳಿಯುತ್ತೀಯೋ?’ ಎಂದ. ಕತ್ತೆ ಬಾಯಿ ತೆರೆಯಿತು...

ಠಪ್! ಪುಸ್ತಕ ಅವರ ಕೈಯಿಂದ ಮಾಯವಾಗಿ ಗ್ರಂಥಪಾಲಕಿಯ ಕೈ ಸೇರಿತ್ತು, ಅದರ ಮೈಮೇಲೆ ಹಸಿರು ಮುದ್ರೆ ಬಿದ್ದಿತ್ತು: ‘ಮಕ್ಕಳ ಕೋಣೆಯಲ್ಲಿ ಮಾತ್ರ’.

“ತಾಳಮ್ಮ! ಕತ್ತೆ ನೀರಿನ ಮಧ್ಯ ಇದೆ!”

“ತೀರ್ಪು ಕೊಟ್ಟಾಯ್ತಲ್ಲ ಸರ್. ಇನ್ನು ಮುಂದಿನ ವರ್ಷವೇ.”

“ಅಲ್ಲೀತನಕ ಅದು ನಡುನೀರಲ್ಲೇ ಬಾಯಿ ತೆಕ್ಕೊಂಡು ನಿಂತಿರಬೇಕಾ? ಹೋಗಲಿ, ಏನಂತು ಅಂತ ನೀನಾದ್ರೂ ಹೇಳು.”

“ಮಕ್ಕಳ ಪುಸ್ತಕ ಬಿಡಿ ಸರ್, ನಿಮಗ್ಯಾಕೆ?” ಎಂದು ಅವಳು ಮಕ್ಕಳ ಕೋಣೆಯ ಬಾಗಿಲ ಫಲಕ ತೋರಿಸಿದಳು: ‘ಮಗುವಿನ ಜೊತೆಯಿಲ್ಲದೆ ದೊಡ್ಡವರಿಗೆ ಪ್ರವೇಶವಿಲ್ಲ’. ದೊಡ್ಡವರು ಬಂದು ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಾರೆಂದು ಹಟ ಹಿಡಿದು ಆ ನಿಯಮ ಮಾಡಿಸಿದ ಮಹಾನುಭಾವರು ಬೇರೆ ಯಾರೂ ಅಲ್ಲ, ಸಾಕ್ಷಾತ್ ಗರಗಸವೇ.

ಆಮೇಲೆ ಅವರು ಮನೆಗೆ ಓಡಿದ ಓಟವಿದೆಯಲ್ಲ, ದಾರಿಯ ನಾಯಿಗಳು ಬೊಗಳುವುದನ್ನು ಮರೆತು ದಾರಿ ಬಿಟ್ಟವು. ಮುಂದಿನ ಹಲ್ಲೆರಡೂ ಬಿದ್ದಿದ್ದ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ ಕೆತ್ತುತ್ತಿದ್ದಳು.

“ಕತ್ತೆ ಕಥೆನಾ? ಛೀ, ಅದು ಚಿಕ್ಕವರದು. ಇನ್ಮೇಲೆ ಗಂಭೀರವಾದದ್ದು ಓದು ಅಂತ ನೀನೇ ತಾನೆ ತಾತ ಬೈದಿದ್ದು?”

“ಇವತ್ತೊಂದಿನ ಚಿಕ್ಕವಳಾಗೇ ನನ್ನವ್ವ!”

“ಹಂಗಾದ್ರೆ ಕೂರಿಸಿದ ಕಡೆ ಕೂರ್ಬೇಕು. ಗಲಾಟೆ ಮಾಡಂಗಿಲ್ಲ.” ಊರಿನ ಕವಿಗಳನ್ನೆಲ್ಲ ನಡುಗಿಸಿದ ತಲೆ ತಗ್ಗಿ ಒಪ್ಪಿಕೊಂಡಿತು. ಮಕ್ಕಳ ಕೋಣೆಯ ಬಾಗಿಲಲ್ಲಿ ಗ್ರಂಥಪಾಲಕಿ ಅವರತ್ತ ತಿರುಗಿಯೂ ನೋಡಲಿಲ್ಲ. “ಇವರು ನಿನ್ನ ಜೊತೇನಾ ಪುಟ್ಟಿ?” ಎಂದಳು. “ಹೂಂ, ನಾನು ನೋಡ್ಕೋತೀನಿ,” ಎಂದಳು ಮೊಮ್ಮಗಳು.

ಗೇಣುದ್ದದ ಸ್ಟೂಲಿನ ಮೇಲೆ, ಮೊಣಕಾಲು ಕಿವಿಗೆ ತಾಗುವಂತೆ, ವಿಮರ್ಶಕರು ಕೂತರು. ಮೊಮ್ಮಗಳು ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಕತ್ತೆ ಏನೂ ಅನ್ನಲಿಲ್ಲ. ತೆರೆದ ಬಾಯಿ ಮುಚ್ಚಿ, ಕಿರೀಟ ತೆಗೆದು ದೋಣಿಯವನ ತಲೆಗಿಟ್ಟಿತು. ಅವನು ತಕ್ಷಣ ಹುಟ್ಟು ಕೆಳಗೆಸೆದು ಕಾಲ ಮೇಲೆ ಕಾಲು ಹಾಕಿದ. ‘ರಾಜರು ಎಲ್ಲಾದರೂ ಹುಟ್ಟು ಹಾಕುತ್ತಾರೆಯೇ?’ ಎಂದ. ದೋಣಿ ನಿಧಾನವಾಗಿ ಸುಳಿಯ ಕಡೆಗೆ ತಿರುಗಿತು.

ಮೊಮ್ಮಗಳು ಹಲ್ಲಿಲ್ಲದ ಸಂದಿಯಿಂದ ಗಾಳಿ ಸಿಳ್ಳೆ ಹೊಡೆಯುವಂತೆ ನಕ್ಕಳು. ವಿಮರ್ಶಕರೂ ನಗಲು ಶುರುಮಾಡಿದರು; ನಗು ನಡುನದಿಗೆ ಬಂದು ನಿಂತುಬಿಟ್ಟಿತು. ಅವಳು ಮುಂದೇನೆಂದು ಹಾಳೆಯ ಅಂಚು ಹಿಡಿದಳು. ಅವರು ಅಂಗೈ ಅಗಲಿಸಿ ಪುಟದ ಮೇಲಿಟ್ಟರು.

“ತಿರುಗಿಸಬೇಡವೇ, ತಾಳು. ನಾನಿನ್ನೂ ಈ ಪುಟದಲ್ಲೇ ಇದ್ದೀನಿ.”